ಸೊನ್ನೆಗೊಂದು ತಡೆ

ನಮ್ಮ ಸ್ಟಾಫ್ ರೂಮಿನಲ್ಲಿ ಮಧ್ಯಾಹ್ನ ಊಟದ ಡಬ್ಬಿಗಳು ತೆರೆದುಕೊಂಡಾಗ ಮಾತಿಗೆ ಬರುವ ವಿಷಯಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಯಾರ ಮನೆಯ ಮಿಕ್ಸಿ ಕೆಟ್ಟಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಇನ್‌ಕ್ರಿಮೆಂಟು ಯಾವಾಗ, ಇಷ್ಟೇ. ಅಂಥ ಕಡೆ ಒಂದು ದಿನ ನಾನು, "ಏನ್ರೀ, ನಿಮ್ಮ ಲ್ಯಾಬಿನಲ್ಲಿ ಸ್ಕ್ರೂ ಗೇಜ್ ಇದೆಯಾ? ನಮ್ಮವರ ಕೋವಿಯ ಸ್ಕೋಪಿಗೆ ಒಂದು ತಡೆ ಕೂರಿಸಬೇಕಾಗಿದೆ" ಅಂದೆ. ವಿಜ್ಞಾನದ ಟೀಚರ್ ಬಾಯಿಗೆ ಹೋಗುತ್ತಿದ್ದ ತುತ್ತನ್ನು ಅಲ್ಲೇ ಹಿಡಿದು ಕೂತರು. ಅವರು ಬಯಲುಸೀಮೆಯವರು, ಕೊಡಗಿಗೆ ವರ್ಗವಾಗಿ ಬಂದು ಒಂದು ವರ್ಷವಾಗಿತ್ತಷ್ಟೆ. "ಕೋವಿಯಾ ಮೇಡಂ?" ಅಂದರು. ಇನ್ನೊಬ್ಬರು, "ಇವರ ಜೊತೆ ಇನ್ನು ಪರೀಕ್ಷಾ ಡ್ಯೂಟಿಗೆ ಜಗಳ ಆಡಬಾರದಪ್ಪ" ಎಂದು ನಕ್ಕರು.

ನಗಲಿ ಬಿಡಿ. ಆದರೆ ನಮ್ಮ ಸೀಮೆಯಲ್ಲಿ ಕೋವಿ ಎಂದರೆ ಕಳ್ಳಕಾಕರ ಸಾಮಾನಲ್ಲ, ಮನೆಯ ದೀಪದ ಹಾಗೆ ಅದೂ ಒಂದು. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ಆ ಸದ್ದು ಕೇಳಿಯೇ ಊರು ಹೊರಟು ಬರುತ್ತಿದ್ದ ಕಾಲವಿತ್ತು. ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸಿನ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದೆ. ೨೦೧೯ರಲ್ಲಿ ಕೇಂದ್ರ ಸರ್ಕಾರ ಅದನ್ನು ೨೦೨೯ರವರೆಗೆ ಮುಂದುವರಿಸಿತು. ನಾಟಿಯ ಕೆಲಸ ಮುಗಿದು ಸೆಪ್ಟೆಂಬರಿನಲ್ಲಿ ಕೈಲ್‌ಪೋಳ್ದ್ ಬಂತೆಂದರೆ ಕೋವಿ, ಕತ್ತಿಗಳನ್ನೆಲ್ಲ ಒರೆಸಿ ದೇವರ ಕೋಣೆಯಲ್ಲಿಟ್ಟು, ತೋಕ್ ಪೂ ಏರಿಸಿ ಪೂಜೆ ಮಾಡುತ್ತೇವೆ. ಆಮೇಲೆ ಕಡಂಬುಟ್ಟು, ಪಂದಿ ಕರಿ. ಅದರ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ.

ಇಷ್ಟೆಲ್ಲ ಇದ್ದರೂ ನಾನು ಮಾತ್ರ ಕೋವಿಯಿಂದ ದೂರವೇ ಇದ್ದವಳು. ಬಿ.ಎ., ಬಿ.ಎಡ್. ಮಾಡಿ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವವಳಿಗೆ ಗುಂಡಿನ ಲೆಕ್ಕ ಯಾಕೆ? ಆ ಲೆಕ್ಕವೆಲ್ಲ ಇವರದು. ಇವರು ಸೈನ್ಯದಲ್ಲಿ ಇಪ್ಪತ್ತಾರು ವರ್ಷ ದುಡಿದು ಸುಬೇದಾರರಾಗಿ ಬಂದವರು. ಮನೆಗೆ ಬಂದ ಮೇಲೆ ಕಾಫಿ ತೋಟ, ಒಂದಿಷ್ಟು ಏಲಕ್ಕಿ, ಮತ್ತು ತಿಂಗಳಿಗೊಮ್ಮೆ ಎಣ್ಣೆ ಕಾಣುವ ಒಂದು ಪಾಯಿಂಟ್ ಟೂ ಟೂ ರೈಫಲ್ಲು. ಅದರ ಮೇಲಿದ್ದ ಸ್ಕೋಪು ನಮ್ಮ ಭಾವನವರದು. ಭಾವನವರು ತೀರಿಕೊಂಡ ಮೇಲೆ ಅತ್ತಿಗೆ ಅದನ್ನು ಒಂದು ಹಳೆಯ ಉಣ್ಣೆಯ ಸಾಕ್ಸಿನಲ್ಲಿ ಸುತ್ತಿ ಇವರ ಕೈಗೆ ಕೊಟ್ಟಿದ್ದರು. ಹೊಸದು ಕೊಳ್ಳಿ ಎಂದು ಮಗಳು ಎಷ್ಟು ಹೇಳಿದರೂ ಇವರು ಕಿವಿಗೆ ಹಾಕಿಕೊಂಡವರಲ್ಲ. "ಅಣ್ಣನ ಕಣ್ಣು ಅದು" ಅನ್ನುತ್ತಿದ್ದರು.

೨೦೨೨ರ ಕೈಲ್‌ಪೋಳ್ದಿನ ದಿನ ಐನ್‌ಮನೆಯಲ್ಲಿ ಒಕ್ಕದವರೆಲ್ಲ ಸೇರಿದ್ದೆವು. ನಮ್ಮ ಒಕ್ಕದ ಪಂದ್ಯದಲ್ಲಿ ಸ್ಕೋಪು ಹಾಕಿದ ಕೋವಿಗಳಿಗೆ ಬೇರೆ ಸರದಿ. ಗದ್ದೆಯಾಚೆ ಎತ್ತರದ ಮಣ್ಣಿನ ಬರೆ, ಅದರ ಮುಂದೆ ಗೂಟದ ಮೇಲೆ ತೆಂಗಿನಕಾಯಿ, ಐವತ್ತು ಮೀಟರ್ ದೂರ. ಒಬ್ಬೊಬ್ಬರಿಗೆ ಮೂರು ಗುಂಡು. ಇವರು ಆ ದೂರದಲ್ಲಿ ಕಾಯಿ ತಪ್ಪಿಸಿದ್ದನ್ನು ನಾನು ಮದುವೆಯಾದ ಮೇಲೆ ಕಂಡದ್ದಿಲ್ಲ. ಅಂದು ಮೂರೂ ತಪ್ಪಿತು. ಪ್ರತಿ ಸಲ ಕಾಯಿಯ ಮೇಲ್ಗಡೆ ಬರೆಯಿಂದ ಒಂದು ಚಿಟಿಕೆ ಕೆಂಪು ಮಣ್ಣು ಹಾರಿತು, ಕಾಯಿ ಮಾತ್ರ ಅಲುಗಲಿಲ್ಲ.

ಮೈದುನನ ಮಗ ತಮಾಷೆಗೆ, "ಏನ್ ದೊಡ್ಡಪ್ಪ, ಕನ್ನಡಕ ಬದಲಾಯಿಸ್ಬೇಕಾ?" ಅಂದ. ಹುಡುಗರೆಲ್ಲ ನಕ್ಕರು. ಇವರೂ ನಕ್ಕರು. ಆದರೆ ಊಟಕ್ಕೆ ಕೂತಾಗ ಕಡಂಬುಟ್ಟು ತಟ್ಟೆಯಲ್ಲೇ ಆರಿತು. ರಾತ್ರಿ ಹಾಸಿಗೆಯ ಮೇಲೆ ಕೂತು ಬಲಗೈಯನ್ನು ದೀಪಕ್ಕೆ ಹಿಡಿದು ನೋಡಿಕೊಳ್ಳುತ್ತಿದ್ದರು. ನಡುಗುತ್ತಿದೆಯೇ ಎಂದು.

ನಾನು ಆಗ ಏನೂ ಹೇಳಲಿಲ್ಲ. ಯಾಕೆಂದರೆ ನನ್ನೊಳಗೆ ಬೇರೊಂದು ಹೆದರಿಕೆ ಇತ್ತು. ಒಂದು ವರ್ಷದಿಂದ ಇವರ ಮರೆವು ಹೆಚ್ಚುತ್ತಾ ಬಂದಿತ್ತು. ಪೇಟೆಗೆ ಸ್ಕೂಟರಿನಲ್ಲಿ ಹೋದವರು ನಡೆದುಕೊಂಡು ಬಂದಿದ್ದರು, ಸ್ಕೂಟರು ಅಂಗಡಿಯ ಮುಂದೆಯೇ ಇತ್ತು. ಆಳುಗಳ ಬಟವಾಡೆ ಒಂದೇ ವಾರಕ್ಕೆ ಎರಡು ಸಲ ಆಗಿತ್ತು. ಮೈಸೂರಿನ ಡಾಕ್ಟರು ಸ್ಕ್ಯಾನ್ ನೋಡಿ, "ಇದು ನಿಧಾನವಾಗಿ ಹೆಚ್ಚಾಗುವಂಥದ್ದು, ಈಗಿನಿಂದಲೇ ಜಾಗ್ರತೆಯಾಗಿರಿ" ಎಂದಿದ್ದರು. ಬೆಂಗಳೂರಿನಲ್ಲಿರುವ ಮಗಳು ಅಂದೇ ರಾತ್ರಿ ಫೋನಿನಲ್ಲಿ, "ಅಮ್ಮ, ಮೊದಲು ಆ ಕೋವಿಗೊಂದು ದಾರಿ ಮಾಡಿ" ಅಂದಳು. ಅವಳು ಹೇಳಿದ್ದು ತಪ್ಪಲ್ಲ. ಆದರೆ ಅಪ್ಪನ ಕೈಯಿಂದ ಕೋವಿ ಕಿತ್ತುಕೊಳ್ಳಬೇಕಾದವಳು ನಾನು, ಅವಳಲ್ಲ.

ಮಾರನೆಯ ದಿನ ರಜೆ. ಏನೋ ನೆಪ ಹೇಳಿ ಒಬ್ಬಳೇ ಐನ್‌ಮನೆಯ ಬರೆಯ ಹತ್ತಿರ ಹೋದೆ. ಗೂಟ ಹಾಗೇ ಇತ್ತು. ಕಾಯಿ ಇದ್ದ ಎತ್ತರದಿಂದ ಸರಿಯಾಗಿ ಒಂದು ಗೇಣು ಮೇಲೆ ಬರೆಯಲ್ಲಿ ಮೂರು ತೂತು. ಮೂರನ್ನೂ ಸೇರಿಸಿ ಒಂದು ಕುಂಕುಮದ ಭರಣಿಯ ಮುಚ್ಚಳದಿಂದ ಮುಚ್ಚಿಬಿಡಬಹುದಿತ್ತು.

ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವಳು ನಾನು. ಒಬ್ಬ ಹುಡುಗ ಹತ್ತು ಲೆಕ್ಕವನ್ನು ಹತ್ತು ಥರ ತಪ್ಪು ಮಾಡಿದರೆ ಅವನಿಗೆ ಲೆಕ್ಕ ಬರುವುದಿಲ್ಲ ಎಂದರ್ಥ. ಹತ್ತನ್ನೂ ಒಂದೇ ಥರ ತಪ್ಪು ಮಾಡಿದ್ದರೆ ಅವನಿಗೆ ಲೆಕ್ಕ ಬರುತ್ತದೆ, ಎಲ್ಲೋ ಒಂದು ಕಡೆ ದಶಕ ಹಿಡಿಯುವುದು ಮರೆತಿದ್ದಾನೆ ಅಷ್ಟೆ. ಬರೆಯ ಮುಂದೆ ನಿಂತು ನನಗೆ ಅದೇ ಅನ್ನಿಸಿತು. ಕೈ ನಡುಗುವವನ ಗುಂಡು ಹೀಗೆ ಒಂದರ ಪಕ್ಕ ಒಂದು ಕೂರುವುದಿಲ್ಲ. ಇವರ ಕೈಯೂ ಸರಿ, ಕಣ್ಣೂ ಸರಿ. ತಪ್ಪಿದ್ದು ಬೇರೆಲ್ಲೋ.

ಆ ಸಂಜೆ ಮೈದುನನ ಮಗನನ್ನು ಕರೆಸಿಕೊಂಡೆ. ನಕ್ಕದ್ದಕ್ಕೆ ಅವನಿಗೂ ಒಳಗೊಳಗೇ ಬೇಜಾರಾಗಿತ್ತು. "ದೊಡ್ಡಮ್ಮ, ಬನ್ನಿ ತೋರಿಸ್ತೀನಿ" ಎಂದು ಸ್ಕೋಪಿನ ಮೇಲಿದ್ದ ನಾಬನ್ನು ತೋರಿಸಿ ವಿವರಿಸಿದ. ನಾನು ತಿಳಿದುಕೊಂಡದ್ದನ್ನು ನಿಮಗೂ ಹೇಳಿಬಿಡುತ್ತೇನೆ, ಕಷ್ಟವೇನಿಲ್ಲ.

ಹಾರಿದ ಗುಂಡು ದೂರ ಹೋದಷ್ಟೂ ಕೆಳಗೆ ಇಳಿಯುತ್ತದೆ. ಇವರು ತಮ್ಮ ಕೋವಿಯನ್ನು ಐವತ್ತು ಮೀಟರಿಗೆ ಸರಿ ಮಾಡಿಟ್ಟಿದ್ದರು. ಅಂದರೆ ನಾಬು ಸೊನ್ನೆಯಲ್ಲಿದ್ದರೆ ಐವತ್ತು ಮೀಟರಿನಲ್ಲಿ ಗುಂಡು ಹೇಳಿದಲ್ಲಿಗೆ ಹೋಗುತ್ತದೆ. ನೂರು ಮೀಟರಿಗೆ ಹೊಡೆಯಬೇಕಾದರೆ ನಾಬನ್ನು ೨೮ ಕ್ಲಿಕ್ ಮೇಲಕ್ಕೆ ತಿರುಗಿಸಬೇಕು. ಒಂದು ಕ್ಲಿಕ್ಕಿಗೆ ಐವತ್ತು ಮೀಟರಿನಲ್ಲಿ ಗುಂಡು ಸುಮಾರು ಮೂರೂವರೆ ಮಿಲಿಮೀಟರ್ ಮೇಲೇರುತ್ತದೆ. ಪೂರ್ತಿ ಒಂದು ಸುತ್ತಿಗೆ ೬೦ ಕ್ಲಿಕ್. ಕೆಲಸ ಮುಗಿದ ಮೇಲೆ ನಾಬನ್ನು ಹಿಂದಕ್ಕೆ ತಿರುಗಿಸಿ ಸೊನ್ನೆಗೆ ತಂದಿಡಬೇಕು.

ಹಬ್ಬಕ್ಕೆ ಮುಂಚೆ ಇವರು ಕೋವಿ ಪರೀಕ್ಷೆ ಮಾಡಲು ನೂರು ಮೀಟರಿಗೆ ಹೊಡೆದಿದ್ದರು. ಆಮೇಲೆ ಸೊನ್ನೆಗೆ ತರುವಾಗ ಹಿಂದಕ್ಕೆ ತಿರುಗಿಸುವ ಬದಲು ಮುಂದಕ್ಕೇ ತಿರುಗಿಸಿದ್ದಾರೆ. ೨೮ರ ಮೇಲೆ ಇನ್ನೂ ೩೨ ಹೋದರೆ ಮತ್ತೆ ಸೊನ್ನೆಯೇ ಎದುರಿಗೆ ಬರುತ್ತದಲ್ಲ! ನೋಡುವವರಿಗೆ ಸೊನ್ನೆ, ಆದರೆ ಅದು ಒಂದು ಸುತ್ತು ಮೇಲಿನ ಸೊನ್ನೆ. ಅರವತ್ತು ಕ್ಲಿಕ್ ಎಂದರೆ ಇಪ್ಪತ್ತೆರಡು ಸೆಂಟಿಮೀಟರ್. ಸರಿಯಾಗಿ ಒಂದು ಗೇಣು.

ಎಷ್ಟನೇ ಸುತ್ತಿನಲ್ಲಿದ್ದೇವೆ ಎಂದು ತಿಳಿಯಲು ನಾಬಿನ ಕೆಳಗೆ ಸಣ್ಣ ಗೆರೆಗಳೇನೋ ಇದ್ದವು. ಭಾವನವರ ಕಾಲದಿಂದ ಒರೆಸಿ ಒರೆಸಿ ಅವು ಸವೆದುಹೋಗಿದ್ದವು. ಓದುವ ಕನ್ನಡಕವಿಲ್ಲದೆ ಇವರಿಗೆ ಕಾಣುವಂಥವೂ ಅಲ್ಲ. "ಈಗಿನ ಎಷ್ಟೋ ಸ್ಕೋಪುಗಳಲ್ಲಿ ಜೀರೋ ಸ್ಟಾಪ್ ಅಂತ ಇರುತ್ತೆ ದೊಡ್ಡಮ್ಮ. ಹಿಂದಕ್ಕೆ ತಿರುಗಿಸ್ತಾ ಬಂದ್ರೆ ಸೊನ್ನೆ ಹತ್ರ ಟಕ್ ಅಂತ ನಿಂತುಬಿಡುತ್ತೆ. ಕಣ್ಣು ಮುಚ್ಚಿಕೊಂಡೂ ಮಾಡಬಹುದು. ಹಳೆಯದಕ್ಕೂ ಹಾಕಬಹುದಂತೆ" ಎಂದ ಹುಡುಗ.

ಕಣ್ಣು ಮುಚ್ಚಿಕೊಂಡೂ ಮಾಡಬಹುದು. ಆ ಮಾತು ನನ್ನನ್ನು ಹಿಡಿದುಕೊಂಡಿತು. ಎಣಿಕೆ ತಪ್ಪುವ ಮನುಷ್ಯನಿಗೆ ಎಣಿಸು ಎಣಿಸು ಎಂದು ಪಕ್ಕದಲ್ಲಿ ಕೂತು ಹೇಳುವುದಕ್ಕಿಂತ ಎಣಿಸುವ ಅಗತ್ಯವೇ ಇಲ್ಲದ ಹಾಗೆ ಮಾಡುವುದು ಒಳ್ಳೆಯದಲ್ಲವೆ? ಅಲ್ಲಿಯವರೆಗೆ ನಾನು ಮಾಡುತ್ತಿದ್ದದ್ದು ಮೊದಲನೆಯದನ್ನೇ. "ಸ್ಕೂಟರ್ ಎಲ್ಲಿ? ಬೀಗ ಹಾಕಿದ್ರಾ? ಆಗಲೇ ಹೇಳಿದ್ನಲ್ಲ?" ಮನೆಯಲ್ಲೂ ಟೀಚರಾಗಿಬಿಟ್ಟಿದ್ದೆ.

ಆದರೆ ಒಂದು ಕರಾರು ಹಾಕಿದೆ. ಕೋವಿಯ ಬೋಲ್ಟೂ ತೋಟೆಯ ಡಬ್ಬಿಯೂ ನನ್ನ ಬೀರುವಿನಲ್ಲಿ, ಬೀಗದ ಕೈ ನನ್ನ ಕರಿಮಣಿಯ ಪಕ್ಕದ ಪಿನ್ನಿನಲ್ಲಿ. ಹೊಡೆಯುವಾಗ ಹುಡುಗ ಪಕ್ಕದಲ್ಲಿರಬೇಕು. ಬಾಯಿಬಿಟ್ಟು ಹೇಳುವಾಗ ನನ್ನ ಗಂಟಲು ಒಣಗಿತ್ತು. ಇವರು ತುಂಬ ಹೊತ್ತು ಅಂಗಳದ ಕಡೆ ನೋಡುತ್ತಿದ್ದು, "ಪಲ್ಟನ್ನಿನಲ್ಲೂ ಕೋತ್‌ನ ಬೀಗ ನಮ್ಮ ಕೈಯಲ್ಲಿರಲಿಲ್ಲ" ಅಂದರು. ಅಷ್ಟೆ. ಕೋತ್ ಎಂದರೆ ಸೈನ್ಯದಲ್ಲಿ ಬಂದೂಕು ಇಡುವ ಕೋಣೆ. ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಇನ್ನು ಕೆಲಸದ ವಿಷಯ. ಮೊದಲು ನಾಬನ್ನು ಒಂದು ಸುತ್ತು ಕೆಳಗಿಳಿಸಿ, ಬರೆಯ ಮುಂದೆ ಕಾಗದ ಅಂಟಿಸಿ ಐದು ಗುಂಡು ಹೊಡೆದು, ನಿಜವಾದ ಸೊನ್ನೆ ಯಾವುದೆಂದು ಖಾತ್ರಿ ಮಾಡಿಕೊಂಡರು. ತಪ್ಪು ಸೊನ್ನೆಗೆ ತಡೆ ಹಾಕಿದರೆ ತಪ್ಪೇ ಕಾಯಂ ಆಗುತ್ತದಲ್ಲ. ಆಮೇಲೆ ಬೋಲ್ಟ್ ತೆಗೆದು, ಕೋವಿ ಖಾಲಿ ಎಂದು ಮೂವರೂ ನೋಡಿ, ಊಟದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ಮಲಗಿಸಿದೆವು.

ನಾಬಿನ ಸುತ್ತ ಸಾಸಿವೆ ಕಾಳಿನಷ್ಟು ಮೂರು ತಿರುಪು. ಸರಿಯಾದ ಅಳತೆಯ ಅಲೆನ್ ಕೀಯನ್ನೇ ಹಾಕಬೇಕು, ಇಲ್ಲದಿದ್ದರೆ ತಿರುಪಿನ ಬಾಯಿ ಸವೆದು ಆಮೇಲೆ ಬಿಚ್ಚಲೂ ಆಗದು, ಬಿಗಿಯಲೂ ಆಗದು. ಮೂರನ್ನೂ ಸಡಿಲಿಸಿ ನಾಬನ್ನು ಅಲುಗಿಸದೆ ನೇರ ಮೇಲಕ್ಕೆ ಎತ್ತಿದರೆ ಒಳಗೆ ಒಂದು ಹಿತ್ತಾಳೆಯ ಗೂಟ. ಉಪ್ಪಿನಕಾಯಿ ಜಾಡಿಯ ಮುಚ್ಚಳ ನೆನೆಸಿಕೊಳ್ಳಿ. ಬಿಚ್ಚುತ್ತಾ ಹೋದರೆ ಮುಚ್ಚಳ ಮೇಲೇರುತ್ತದೆ, ಮುಚ್ಚುತ್ತಾ ಬಂದರೆ ಕೆಳಗಿಳಿಯುತ್ತದೆ. ನಾಬೂ ಹಾಗೆಯೇ. ಸೊನ್ನೆಯಲ್ಲಿದ್ದಾಗ ಅದರ ತಳಕ್ಕೂ ಸ್ಕೋಪಿನ ಮೈಗೂ ನಡುವೆ ಒಂದು ಕೂದಲೆಳೆಯ ಸಂದು ಇರುತ್ತದೆ. ಆ ಸಂದನ್ನು ತುಂಬಿಬಿಟ್ಟರೆ ನಾಬು ಅದಕ್ಕಿಂತ ಕೆಳಗೆ ಇಳಿಯಲಾರದು. ಇಷ್ಟೇ ಗುಟ್ಟು.

ಯಾವುದರಿಂದ ತುಂಬುವುದು? ರಟ್ಟು ನಮ್ಮ ಮಳೆಗೆ ಉಬ್ಬುತ್ತದೆ. ಡಬ್ಬದ ತಗಡು ಹಿತ್ತಾಳೆಯನ್ನು ಗೀಚುತ್ತದೆ. ಬೀರುವಿನಲ್ಲಿ ಅತ್ತೆಯವರ ಸೊಂಟದ ಹಳೆಯ ಎಕ್ಸ್‌ರೇ ಇತ್ತು. ಅದನ್ನೇ ಉಗುರು ಕತ್ತರಿಯಿಂದ ಕತ್ತರಿಸಿದೆ, ಬಾಯಿ ತೆರೆದ ಕಡಗದ ಆಕಾರಕ್ಕೆ, ಹಿತ್ತಾಳೆಯ ಗೂಟದ ಸುತ್ತ ಕೂರುವ ಹಾಗೆ. "ಅಮ್ಮನ ಸೊಂಟ ಕೊನೆಗೂ ನನ್ನ ಕೋವಿಗೆ ಆಧಾರ ಆಯ್ತು" ಎಂದು ಇವರು ನಕ್ಕರು. ತಿಂಗಳಾಗಿತ್ತು ಆ ನಗು ಕೇಳಿ.

ಸ್ಕ್ರೂ ಗೇಜ್ ಹಿಡಿದು ವಿಜ್ಞಾನದ ಟೀಚರೂ ಬಂದಿದ್ದರು. ಕೋವಿಯನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲಂತೆ. ಅವರು ನಾಬನ್ನು ನೋಡಿದವರೇ, "ಅಯ್ಯೋ ಮೇಡಂ, ಇದು ಸ್ಕ್ರೂ ಗೇಜೇ! ಬರೀ ತಲೆಯ ಮೇಲಿನ ಅಂಕಿ ನೋಡಿದ್ರೆ ಸಾಲದು, ಉದ್ದದ ಗೆರೆಯನ್ನೂ ನೋಡಬೇಕು ಅಂತ ಮಕ್ಕಳಿಗೆ ಬಾಯಿ ಬಡ್ಕೊಳ್ತೀನಲ್ಲ, ಅದೇ ತಪ್ಪು" ಅಂದರು. ಅಳೆದಾಗ ಎಕ್ಸ್‌ರೇ ಹಾಳೆಯ ದಪ್ಪ ೦.೨ ಮಿಲಿಮೀಟರ್ ಬಂತು. ನಾಬು ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಇಳಿಯುತ್ತಿತ್ತು.

ನಾಲ್ಕು ಹಾಳೆ ಹಾಕಿ ನೋಡಿದೆವು. ನಾಬು ಸೊನ್ನೆ ದಾಟಿ ಇನ್ನೂ ೪೧ ಕ್ಲಿಕ್ ಕೆಳಗೆ ಹೋಗಿ ನಿಂತಿತು. ಐದು ಹಾಕಿದಾಗ ೧೭ ಕ್ಲಿಕ್. ಒಂದು ಹಾಳೆಗೆ ೨೪ ಕ್ಲಿಕ್ ಕಡಿಮೆಯಾಯಿತು ಎಂದಾಯಿತು. ಅರ್ಧ ಮಿಲಿಮೀಟರಿಗೆ ೬೦ ಆದರೆ ೦.೨ಕ್ಕೆ ೨೪. ತ್ರೈರಾಶಿ! ಆರನೆಯದನ್ನು ಹಾಕಿದರೆ ಸೊನ್ನೆಗೆ ಬರುವ ಮೊದಲೇ ತಡೆದುಬಿಡುತ್ತದೆ. ಅರ್ಧ ದಪ್ಪದ್ದು ಬೇಕು. ತರಬೇತಿಯಲ್ಲಿ ಪಾಠ ತೋರಿಸಲು ಬಳಸುತ್ತಿದ್ದ ಓ.ಎಚ್.ಪಿ. ಹಾಳೆ ನೆನಪಾಯಿತು. ಟ್ರಂಕಿನಿಂದ ತೆಗೆದು ಅಳೆದರೆ ಸರಿಯಾಗಿ ೦.೧. ಹನ್ನೆರಡು ಕಳೆದರೆ ಐದು ಉಳಿಯಬೇಕು ಎಂದೆ. ಕೂರಿಸಿ ತಿರುಗಿಸಿದೆವು. ಸೊನ್ನೆಯಿಂದ ಐದನೆಯ ಕ್ಲಿಕ್ಕಿಗೆ ಟಕ್ ಎಂದು ನಿಂತಿತು. ಹತ್ತನೇ ತರಗತಿಯಲ್ಲಿ ಗಣಿತಕ್ಕೆ ಮೂವತ್ತೆಂಟು ಅಂಕ ಪಡೆದವಳು ನಾನು. ಅಂದಿನ ಸಂತೋಷ ಏನೆಂದು ಹೇಳಲಿ!

ಸರಿಯಾಗಿ ಸೊನ್ನೆಯ ಮೇಲೆಯೇ ಯಾಕೆ ನಿಲ್ಲಿಸಲಿಲ್ಲ ಎಂದು ನೀವು ಕೇಳಬಹುದು. ಹೊಸ ಪೆಟ್ಟಿಗೆಯ ತೋಟೆ ಬಂದಾಗ, ಜೂನ್ ತಿಂಗಳ ಚಳಿಗೂ ಏಪ್ರಿಲ್‌ನ ಸೆಕೆಗೂ, ಗುಂಡು ಬೀಳುವ ಜಾಗ ಒಂದೆರಡು ಕ್ಲಿಕ್ ಅತ್ತಿತ್ತ ಆಗುತ್ತದೆ. ಆಗ ಕೆಳಗೆ ಇಳಿಸಲು ಸ್ವಲ್ಪ ಜಾಗ ಬೇಕು. ಕಟ್ಟುನಿಟ್ಟು ಒಳ್ಳೆಯದೇ, ಆದರೆ ಒಂದು ನಾಲ್ಕೈದು ಕ್ಲಿಕ್ಕಿನ ಸಡಿಲ ಇಟ್ಟುಕೊಂಡರೆ ಸಾಮಾನೂ ಬಾಳುತ್ತದೆ, ಸಂಸಾರವೂ ಬಾಳುತ್ತದೆ. ತಡೆ ಸಿಕ್ಕ ಮೇಲೆ ಐದು ಕ್ಲಿಕ್ ವಾಪಸು ಬಂದರೆ ಸೊನ್ನೆ. ಐದು ಎಣಿಸುವುದು ಇವರಿಗೆ ಕಷ್ಟವಿರಲಿಲ್ಲ. ಒಂದು ಕೈಯ ಬೆರಳು ತಾನೆ.

೨೦೨೩ರ ಕೈಲ್‌ಪೋಳ್ದಿಗೆ ಇವರು ಮತ್ತೆ ಅದೇ ಬರೆಯ ಮುಂದೆ ಮಲಗಿದರು. ನಾನು ಬೀರುವಿನಿಂದ ಬೋಲ್ಟ್ ತಂದು ಎಲ್ಲರ ಮುಂದೆ ಇವರ ಕೈಗೆ ಕೊಟ್ಟೆ. ಏನೋ ಶಾಸ್ತ್ರ ಎಂಬಂತೆ ಇವರು ಎರಡೂ ಕೈಯಲ್ಲಿ ತೆಗೆದುಕೊಂಡರು. ನಾಬನ್ನು ಹಿಂದಕ್ಕೆ ತಿರುಗಿಸುತ್ತಾ ಬಂದರು, ತಡೆ ಸಿಕ್ಕಿತು, ಐದು ಬೆರಳು ಮಡಿಸಿ ಎಣಿಸಿದರು. ಮೊದಲನೆಯ ಗುಂಡಿಗೇ ಕಾಯಿ ಬಿರಿದು ನೀರು ಚಿಮ್ಮಿತು. ಎರಡನೆಯದನ್ನೂ ಹೊಡೆದರು. ಮೂರನೆಯದಕ್ಕೆ ಎದ್ದು ಕೂತು, "ಇದನ್ನು ಇವನು ಹೊಡೀಲಿ" ಎಂದು ಮೈದುನನ ಮಗನಿಗೆ ಜಾಗ ಬಿಟ್ಟರು. ಹುಡುಗ ನಗಲಿಲ್ಲ. ದೊಡ್ಡಪ್ಪನ ಕಾಲು ಮುಟ್ಟಿ ಮಲಗಿದ.

ಅದೇ ಇವರ ಕೊನೆಯ ಪಂದ್ಯ. ನಾವು ಯಾರೂ ಹೇಳಲಿಲ್ಲ. ಆ ವರ್ಷದ ಕಾಫಿ ಕೊಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ ತಾವೇ, "ಕೋವಿ ಅವನ ಹೆಸರಿಗೆ ಆಗಲಿ. ನನಗೆ ತಿಳುವಳಿಕೆ ಇರುವಾಗಲೇ ಕೊಟ್ಟರೆ ಕೊಟ್ಟ ಹಾಗೆ" ಅಂದರು. ಕಾಗದ ಪತ್ರವೆಲ್ಲ ಕ್ರಮವಾಗಿ ಮಾಡಿಸಿದೆವು. ನಾನು ಕಿತ್ತುಕೊಳ್ಳಬೇಕಾಗಿ ಬರಲಿಲ್ಲ. ಮೊದಲೇ ಹೇಳಿದ ಆ ಹೆದರಿಕೆ ಹಾಗೆ ಇಳಿಯಿತು. ಹುಡುಗ ಕೋವಿ ತೆಗೆದುಕೊಂಡು ಹೋಗುವಾಗ ಸ್ಕೋಪನ್ನು ಬಿಚ್ಚಿ, "ದೊಡ್ಡಮ್ಮ, ಇದು ಇಲ್ಲೇ ಇರಲಿ" ಎಂದು ಇಟ್ಟುಹೋದ.

ಈಗ ಇವರಿಗೆ ಮರೆವು ಹೆಚ್ಚಾಗಿದೆ. ಕೆಲವು ದಿನ ನನ್ನ ಹೆಸರಿಗೂ ತಡಕಾಡುತ್ತಾರೆ. ಮಳೆಯ ಸಂಜೆಗಳಲ್ಲಿ ಶಾಲೆಯಿಂದ ಬಂದು ನಾನು ಜಗಲಿಯಲ್ಲಿ ಕಾಫಿ ಇಟ್ಟುಕೊಂಡು ಕೂತರೆ, ಪಕ್ಕದಲ್ಲಿ ಇವರು ಆ ಸ್ಕೋಪನ್ನು ತೊಡೆಯ ಮೇಲಿಟ್ಟುಕೊಂಡು ನಾಬು ತಿರುಗಿಸುತ್ತಿರುತ್ತಾರೆ. ಯಾವ ಕಡೆಗೆ, ಎಷ್ಟು ಸುತ್ತು ಎಂಬ ಲೆಕ್ಕವಿಲ್ಲ. ಮೇಲಕ್ಕೆ ಒಂದಿಷ್ಟು ಹೋಗುತ್ತದೆ, ಮತ್ತೆ ಕೆಳಕ್ಕೆ ಬರುತ್ತದೆ. ನಾನು ಪಕ್ಕದಲ್ಲಿ ಎಣಿಸಿ ಹೇಳುವುದನ್ನು ಬಿಟ್ಟಿದ್ದೇನೆ. ಟಿಕ್ ಟಿಕ್ ಎಂದು ಹಿಂದಕ್ಕೆ ಬರುತ್ತಾ ಬರುತ್ತಾ ಒಂದು ಕಡೆ ಟಕ್ ಎಂದು ನಿಲ್ಲುತ್ತದೆ. ಆಗ ಇವರು ತಲೆಯೆತ್ತಿ ನನ್ನ ಕಡೆ ನೋಡಿ, "ಬಂತು" ಅನ್ನುತ್ತಾರೆ.

"ಹೌದು, ಬಂತು" ಅನ್ನುತ್ತೇನೆ. ಕಾಫಿ ಆರುವ ಮೊದಲು ಲೋಟವನ್ನು ಇವರ ಕೈಗೆ ಕೊಡುತ್ತೇನೆ.